ಇದು ಹೆದರಿಕೆಯೋ, ಪ್ಯಾನಿಕ್ ಅಟ್ಯಾಕೋ? ಗುರುತಿಸುವುದು ಹೇಗೆ, ಆಮೇಲೆ ಮಾಡಬೇಕಾದ್ದೇನು

ಎದೆ ಢವಢವ ಹೊಡೆದುಕೊಂಡಿತು, ಕೈ ನಡುಗಿತು, ಉಸಿರು ಸಾಲದಂತಾಯಿತು. ಇದು ಎಲ್ಲರಿಗೂ ಆಗುವ ಹೆದರಿಕೆಯೋ, ಪ್ಯಾನಿಕ್ ಅಟ್ಯಾಕೋ? ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಕೆಲವರು ಸಂದರ್ಶನಕ್ಕೆ ಮುಂಚೆ ಬೆವರಿದ್ದನ್ನೇ ಕಾಯಿಲೆ ಎಂದುಕೊಂಡಿರುತ್ತಾರೆ. ಇನ್ನು ಕೆಲವರು ತಿಂಗಳುಗಟ್ಟಲೆ ಅಟ್ಯಾಕ್‌ಗಳನ್ನು ನುಂಗಿಕೊಂಡು, ‘ನಾನೇ ಪುಕ್ಕಲು’ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಿರುತ್ತಾರೆ. ಈ ಎರಡನೆಯವರ ಬಗ್ಗೆ ನಮಗೆ ಹೆಚ್ಚು ಕಾಳಜಿ. ಪ್ಯಾನಿಕ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆ; ಸಹಿಸಿಕೊಂಡು ಕೂತರೆ ಮಾತ್ರ ಬದುಕನ್ನು ಗೇಣುಗೇಣಾಗಿ ಕಿರಿದು ಮಾಡುತ್ತಾ ಹೋಗುತ್ತದೆ.

ಭಯ ಎಷ್ಟು ಜೋರಾಗಿತ್ತು ಎಂಬುದರಿಂದ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಆಗುವ ಭಯವೂ ಪ್ಯಾನಿಕ್‌ನಷ್ಟೇ ಜೋರಾಗಿರುತ್ತದೆ, ಆಗ ಮೈಯೊಳಗೆ ನಡೆಯುವುದೂ ಅದೇ. ನೋಡಬೇಕಾದ್ದು ಬೇರೆ ಎರಡು: ಭಯ ಯಾವುದಕ್ಕೆ ಅಂಟಿಕೊಂಡಿತ್ತು? ಅದು ಇಳಿದ ಮೇಲೆ ನಿಮ್ಮ ದಿನಚರಿಯಲ್ಲಿ ಏನು ಬದಲಾಯಿತು?

ಮೊದಲು ನಾಲ್ಕು ಪದಗಳು

ಭಯ ಎಂದರೆ ಕಣ್ಣೆದುರಿನ ಅಪಾಯಕ್ಕೆ ಮೈಮನಸ್ಸು ಕೊಡುವ ಉತ್ತರ. ಅಪಾಯ ಹೋದರೆ ಅದೂ ಹೋಗುತ್ತದೆ.

ಆತಂಕ ಎಂದರೆ ಮುಂದೆ ಏನಾಗುವುದೋ ಎಂಬ ಯೋಚನೆ. ಇದು ನಿಧಾನವಾಗಿ ಏರುತ್ತದೆ, ಗಂಟೆ ಅಥವಾ ದಿನಗಟ್ಟಲೆ ಕೊರೆಯುತ್ತದೆ. ಇಡೀ ವಾರ ಮನಸ್ಸಿಗೆ ಸಮಾಧಾನವಿರದಿದ್ದರೆ ಅದು ‘ವಾರವಿಡೀ ಪ್ಯಾನಿಕ್ ಅಟ್ಯಾಕ್’ ಅಲ್ಲ, ಆತಂಕ. ಜನ ಅತಿ ಹೆಚ್ಚು ಕಲಸಿಕೊಳ್ಳುವುದು ಇಲ್ಲೇ.

ಪ್ಯಾನಿಕ್ ಅಟ್ಯಾಕ್ ಎಂದರೆ ಏಕಾಏಕಿ ಮೇಲೆದ್ದು ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ 10 ನಿಮಿಷದೊಳಗೆ, ತುದಿ ಮುಟ್ಟುವ ತೀವ್ರ ದಿಗಿಲು. ಹೆಚ್ಚಿನವು 20-30 ನಿಮಿಷಗಳಲ್ಲಿ ಇಳಿಯುತ್ತವೆ. ಸುಸ್ತು ಮಾತ್ರ ಗಂಟೆಗಟ್ಟಲೆ ಉಳಿಯಬಹುದು.

ಪ್ಯಾನಿಕ್ ಡಿಸಾರ್ಡರ್ ಎಂದರೆ ಇಂಥ ಅಟ್ಯಾಕ್‌ಗಳು ಸೂಚನೆಯೇ ಇಲ್ಲದೆ ಮತ್ತೆ ಮತ್ತೆ ಬಂದು, ‘ಇನ್ನೊಂದು ಬಂದರೆ?’ ಎಂಬ ಚಿಂತೆ ಅಥವಾ ಅದಕ್ಕೆ ಹೆದರಿ ನಡವಳಿಕೆ ಬದಲಿಸಿಕೊಳ್ಳುವುದು ಕನಿಷ್ಠ ಒಂದು ತಿಂಗಳು ಮುಂದುವರಿಯುವ ಸ್ಥಿತಿ. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿ ಡಿಎಸ್‌ಎಂ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿ ಮಾಡಿತು.

ಅಟ್ಯಾಕ್ ಬಂದವರಿಗೆಲ್ಲ ಡಿಸಾರ್ಡರ್ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಜೀವಮಾನದಲ್ಲಿ ಒಮ್ಮೆಯಾದರೂ ಪ್ಯಾನಿಕ್ ಅಟ್ಯಾಕ್ ಆದವರು 100ಕ್ಕೆ ಸುಮಾರು 13 ಮಂದಿ. ಡಿಸಾರ್ಡರ್ ಮಟ್ಟಕ್ಕೆ ಹೋದವರು 100ಕ್ಕೆ ಇಬ್ಬರೂ ಇಲ್ಲ. ಒಂದು ಸಲ ಬಂದುಹೋದ ಅಟ್ಯಾಕ್ ನಿಮ್ಮ ಹಣೆಬರಹವೇನೂ ಅಲ್ಲ.

ಏನೇನು ಬೇಕು: ಒಂದು ಚಿಕ್ಕ ನೋಟ್‌ಬುಕ್, ಸೆಕೆಂಡ್ ತೋರಿಸುವ ಗಡಿಯಾರ, ಒಮ್ಮೆ ವೈದ್ಯರ ಭೇಟಿ, ಕನಿಷ್ಠ ನಾಲ್ಕು ವಾರಗಳ ತಾಳ್ಮೆ.

ಹಂತ 1: ಮೊದಲು ದೇಹದ ಕಾಯಿಲೆಗಳನ್ನು ಬದಿಗೆ ಸರಿಸಿ

ಜೀವನದಲ್ಲಿ ಮೊದಲ ಸಲ ಹೀಗಾಗಿದ್ದರೆ ‘ಇದು ಪ್ಯಾನಿಕ್’ ಎಂದು ನೀವೇ ತೀರ್ಮಾನಿಸಬೇಡಿ. ಮುಂದಿನ ಹಂತಗಳೆಲ್ಲ ಈ ತಪಾಸಣೆಯ ಮೇಲೆ ನಿಂತಿವೆ.

ಕೆಳಗಿನ ಯಾವುದೇ ಲಕ್ಷಣ ಇದ್ದರೂ ಲೇಖನ ಓದುವುದನ್ನು ಬಿಟ್ಟು ತುರ್ತು ಚಿಕಿತ್ಸೆಗೆ ಹೋಗಿ:

- ಎದೆಯ ನಡುವೆ ಭಾರ ಹೇರಿದಂಥ ಒತ್ತಡ. ನೋವು ತೋಳು, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು. ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚಾಗುವುದು
- ಪ್ರಜ್ಞೆ ತಪ್ಪಿ ಬೀಳುವುದು
- ಮುಖ, ಕೈ, ಕಾಲಿನ ಒಂದೇ ಬದಿ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು
- ಹಠಾತ್ ಉಸಿರಾಟದ ತೊಂದರೆಯ ಜೊತೆ ಒಂದೇ ಕಾಲಿನ ಮೀನಖಂಡ ಊದಿರುವುದು, ಅದರಲ್ಲೂ ಶಸ್ತ್ರಚಿಕಿತ್ಸೆ ಅಥವಾ ದೀರ್ಘ ಪ್ರಯಾಣದ ನಂತರ
- ಕೂತಲ್ಲೇ ನಾಡಿಬಡಿತ ನಿಮಿಷಕ್ಕೆ 150 ದಾಟಿ, ಸ್ವಿಚ್ ಹಾಕಿದಂತೆ ಶುರುವಾಗಿ ಸ್ವಿಚ್ ಆರಿಸಿದಂತೆ ನಿಲ್ಲುವುದು. ಇದು ಹೃದಯದ ಲಯ ತಪ್ಪುವ ತೊಂದರೆ ಇರಬಹುದು

ಪ್ಯಾನಿಕ್‌ನ ಎದೆನೋವು ಹೆಚ್ಚಾಗಿ ಚುಚ್ಚಿದಂತೆ, ಒಂದೇ ಜಾಗದಲ್ಲಿ ಇರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಆದರೆ ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಬೇರೆಯದೇ ರೂಪದಲ್ಲಿ ಬರಬಹುದು: ಬರೀ ಸುಸ್ತು, ವಾಕರಿಕೆ, ಉಸಿರುಕಟ್ಟು.

ತುರ್ತು ಇಲ್ಲದಿದ್ದರೂ ಒಮ್ಮೆ ವೈದ್ಯರನ್ನು ಕಂಡು ಇಸಿಜಿ, ಥೈರಾಯ್ಡ್ ಪರೀಕ್ಷೆ, ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ಮಾಡಿಸುವ ಬಗ್ಗೆ ಕೇಳಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ನಡುಕ, ಬೆವರು ಮೂರೂ ಬರುತ್ತವೆ. ಸಕ್ಕರೆ ತೀರಾ ಇಳಿದರೂ ಹಾಗೆಯೇ. ರಕ್ತಹೀನತೆಯಲ್ಲಿ ಏದುಸಿರು, ಎದೆಬಡಿತ. ಆಸ್ತಮಾಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್, ಕಟ್ಟಿದ ಮೂಗು ಬಿಡಿಸುವ ಕೆಲವು ಮಾತ್ರೆಗಳು, ಅತಿಯಾದ ಕೆಫೀನ್, ದಿನವೂ ಕುಡಿಯುವವರು ಮದ್ಯವನ್ನು ಹಠಾತ್ತನೆ ಬಿಟ್ಟಾಗಿನ ಸ್ಥಿತಿ, ಇವೂ ಪ್ಯಾನಿಕ್‌ನ ವೇಷ ಹಾಕುತ್ತವೆ. ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ.

ಎಡವುವ ಜಾಗ: ಎಲ್ಲ ರಿಪೋರ್ಟ್ ಸರಿ ಬಂದ ಮೇಲೂ ‘ಇನ್ನೊಂದು ಇಸಿಜಿ, ಇನ್ನೊಬ್ಬ ಡಾಕ್ಟರು’ ಎಂದು ಅಲೆಯುವುದು. ರಿಪೋರ್ಟ್ ಕೈಗೆ ಬಂದಾಗಿನ ನೆಮ್ಮದಿ ಒಂದೆರಡು ದಿನ ಬಾಳುತ್ತದೆ, ಆಮೇಲೆ ಅನುಮಾನ ಇನ್ನಷ್ಟು ಹಸಿದು ಬರುತ್ತದೆ. ಒಬ್ಬ ವೈದ್ಯರಿಂದ ಒಮ್ಮೆ ಸರಿಯಾದ ತಪಾಸಣೆ ಆಗಲಿ. ಲಕ್ಷಣದ ಬಗೆಯೇ ಬದಲಾದರೆ ಮಾತ್ರ ಮತ್ತೆ ಹೋಗಿ.

ಹಂತ 2: ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಅಟ್ಯಾಕ್ ಇಳಿದ ಮೇಲೆ, ಶಾಂತವಾಗಿರುವಾಗ, ಉತ್ತರಗಳನ್ನು ಬರೆದಿಡಿ.

ಒಂದು, ಭಯಕ್ಕೆ ವಿಳಾಸ ಇತ್ತೇ? ‘ಲಾರಿ ಮೈಮೇಲೆ ಬರುವಂತಿತ್ತು’, ‘ನಾಳೆ ಆಪರೇಷನ್’ ಎಂದು ನೀವು ಬೆರಳು ಮಾಡಿ ತೋರಿಸಬಲ್ಲಿರಾದರೆ ಅದು ಭಯ ಅಥವಾ ಆತಂಕ. ಟೀವಿ ನೋಡುತ್ತಾ, ಬಟ್ಟೆ ಮಡಚುತ್ತಾ ಇದ್ದಾಗ ಬಂದಿದ್ದರೆ ಪ್ಯಾನಿಕ್ ಕಡೆಗೆ ವಾಲುತ್ತದೆ. ಇಲ್ಲೊಂದು ಎಚ್ಚರಿಕೆ: ಲಿಫ್ಟ್, ಜನಜಂಗುಳಿ, ಎತ್ತರದ ಜಾಗ ಹೀಗೆ ಗೊತ್ತಿರುವ ಕಾರಣಕ್ಕೂ ಪೂರ್ಣಪ್ರಮಾಣದ ಪ್ಯಾನಿಕ್ ಅಟ್ಯಾಕ್ ಬರಬಹುದು. ಅದನ್ನು ‘ನಿರೀಕ್ಷಿತ’ ಅಟ್ಯಾಕ್ ಎನ್ನುತ್ತಾರೆ. ಡಿಸಾರ್ಡರ್ ಎನ್ನಲು ‘ಅನಿರೀಕ್ಷಿತ’ ಅಟ್ಯಾಕ್‌ಗಳು ಇರಲೇಬೇಕು.

ಎರಡು, ಎಷ್ಟು ಬೇಗ ಏರಿತು? ಬೆಳಗಿನಿಂದ ಸಂಜೆವರೆಗೆ ಸ್ವಲ್ಪಸ್ವಲ್ಪವೇ ಏರಿದ್ದು ಆತಂಕ. ಶಾಂತವಾಗಿದ್ದವರು ಐದಾರು ನಿಮಿಷದಲ್ಲಿ ‘ಸತ್ತೇ ಹೋದೆ’ ಎನ್ನುವಲ್ಲಿಗೆ ಮುಟ್ಟಿದ್ದರೆ ಅದು ಪ್ಯಾನಿಕ್‌ನ ಏರು.

ಮೂರು, ಆಗ ತಲೆಯಲ್ಲಿ ಓಡಿದ ವಾಕ್ಯ ಯಾವುದು? ಸಾಮಾನ್ಯ ಭಯದಲ್ಲಿ ವಾಕ್ಯ ಹೊರಗಿನದು: ‘ನಾಯಿ ಕಚ್ಚುತ್ತದೆ’, ‘ಫೇಲಾಗುತ್ತೇನೆ’. ಪ್ಯಾನಿಕ್‌ನಲ್ಲಿ ವಾಕ್ಯ ನಿಮ್ಮ ಮೈಮನಸ್ಸಿನದೇ: ‘ಹೃದಯ ನಿಲ್ಲುತ್ತದೆ’, ‘ಉಸಿರು ಕಟ್ಟುತ್ತದೆ’, ‘ಹುಚ್ಚು ಹಿಡಿಯುತ್ತದೆ’, ‘ನಾಲ್ಕು ಜನರ ಮುಂದೆ ಬಿದ್ದುಬಿಡುತ್ತೇನೆ’.

ನಾಲ್ಕು, ಮರುದಿನ ಏನಾಯಿತು? ನಾಯಿಗೆ ಹೆದರಿದವರು ಸಂಜೆಗೆ ಅದನ್ನು ಕಥೆಯಾಗಿ ಹೇಳುತ್ತಾರೆ. ಪ್ಯಾನಿಕ್ ಕಂಡವರು ಮರುದಿನ ಬೆಳಿಗ್ಗೆ ಎದ್ದೊಡನೆ ಕತ್ತಿನ ನಾಡಿಗೆ ಎರಡು ಬೆರಳಿಡುತ್ತಾರೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹುಡುಕುತ್ತಾರೆ. ಹೋದ ಕಡೆಯೆಲ್ಲ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲು ವಿಚಾರಿಸುತ್ತಾರೆ. ನಾಲ್ಕರಲ್ಲಿ ಹೆಚ್ಚು ತೂಕ ಇರುವುದು ಈ ಪ್ರಶ್ನೆಗೇ. ಭಯ ಹೋದ ಮೇಲೂ ‘ಭಯದ ಭಯ’ ಮನೆ ಮಾಡಿಕೊಂಡಿದೆಯೇ ಎಂದು ಇದೊಂದೇ ಹೇಳುತ್ತದೆ.

ಹಂತ 3: ಲಕ್ಷಣಗಳನ್ನು ಎಣಿಸಿ, ಕಾರಣ ತಿಳಿಯಿರಿ

2013ರ ಡಿಎಸ್‌ಎಂ-5 ಹದಿಮೂರು ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ: ಎದೆಬಡಿತ, ಬೆವರು, ನಡುಕ, ಉಸಿರು ಸಾಲದಂತಾಗುವುದು, ಗಂಟಲು ಕಟ್ಟಿದಂತಾಗುವುದು, ಎದೆನೋವು, ವಾಕರಿಕೆ ಅಥವಾ ಹೊಟ್ಟೆ ತೊಳಸುವುದು, ತಲೆಸುತ್ತು, ಚಳಿ ಅಥವಾ ಮೈ ಬಿಸಿಯೇರುವುದು, ಜೋಮು, ಸುತ್ತಲಿನದು ಅಥವಾ ತಾನೇ ನಿಜವಲ್ಲ ಎನ್ನಿಸುವುದು, ಹತೋಟಿ ತಪ್ಪುವ ಅಥವಾ ಹುಚ್ಚು ಹಿಡಿಯುವ ಭಯ, ಸಾಯುವ ಭಯ. ಒಂದೇ ಏರಿನಲ್ಲಿ ನಾಲ್ಕು ಅಥವಾ ಹೆಚ್ಚು ಇದ್ದರೆ ಅದು ಪೂರ್ಣ ಅಟ್ಯಾಕ್. ನಾಲ್ಕಕ್ಕಿಂತ ಕಡಿಮೆ ಇದ್ದರೆ ‘ಸೀಮಿತ ಲಕ್ಷಣದ ಅಟ್ಯಾಕ್’.

ಎಣಿಸುವುದಕ್ಕಿಂತ ಮುಖ್ಯ, ಇವು ಏಕೆ ಬರುತ್ತವೆ ಎಂದು ತಿಳಿಯುವುದು. ತಿಳಿದ ಲಕ್ಷಣದ ಹೆದರಿಕೆ ಅರ್ಧಕ್ಕೆ ಇಳಿಯುತ್ತದೆ.

ಮಿದುಳಿನ ಒಳಭಾಗದಲ್ಲಿರುವ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಭಾಗ ಅಪಾಯ ಎಂದು ಕೂಗಿದೊಡನೆ, ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಓಡಲು, ಹೊಡೆದಾಡಲು ಕಾಲು ತೋಳುಗಳ ಸ್ನಾಯುಗಳಿಗೆ ರಕ್ತ ಬೇಕು. ಆದ್ದರಿಂದ ಹೃದಯ ವೇಗವಾಗುತ್ತದೆ. ಮೈ ಕಾಯಬಾರದೆಂದು ಬೆವರು. ಜೀರ್ಣಕ್ರಿಯೆ ಸದ್ಯಕ್ಕೆ ಬೇಡವೆಂದು ತಡೆ ಬೀಳುತ್ತದೆ, ಹೊಟ್ಟೆ ತೊಳಸುತ್ತದೆ. ಓಟಕ್ಕೆ ಸಿದ್ಧವಾಗಿಯೂ ಓಡದ ಸ್ನಾಯುಗಳು ನಡುಗುತ್ತವೆ. ಹೋರಾಡು ಇಲ್ಲವೇ ಓಡು ಎಂಬ ಈ ಸಿದ್ಧತೆಯನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 20ನೇ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಇದು ಭಯದಲ್ಲೂ ಪ್ಯಾನಿಕ್‌ನಲ್ಲೂ ಒಂದೇ.

ಜೋಮು ಮತ್ತು ತಲೆಸುತ್ತಿನ ಕಥೆ ಬೇರೆ, ಅದು ಉಸಿರಾಟದಿಂದ ಬರುವುದು. ವಿಶ್ರಾಂತಿಯಲ್ಲಿ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ದಿಗಿಲಿನಲ್ಲಿ ಉಸಿರು ವೇಗವಾಗಿ, ದೊಡ್ಡದಾಗಿ ಆಗುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಸ್ವಲ್ಪ ಕ್ಷಾರೀಯವಾಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ, ಸುತ್ತಲಿನದೆಲ್ಲ ಗಾಜಿನ ಆಚೆ ಇದ್ದಂತೆ ಕಾಣುತ್ತದೆ. ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ತಗ್ಗಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿಯುತ್ತದೆ. ಕೆಲವರಿಗೆ ಬೆರಳುಗಳೇ ಸೆಟೆದುಕೊಳ್ಳುತ್ತವೆ. ವಿಚಿತ್ರವೆಂದರೆ ಗಾಳಿ ಹೆಚ್ಚಾಗಿದ್ದರೂ ಅನ್ನಿಸುವುದು ಗಾಳಿ ಸಾಲದು ಎಂದೇ. ಆಗ ಮನುಷ್ಯ ಇನ್ನೂ ಜೋರಾಗಿ ಎಳೆದುಕೊಳ್ಳುತ್ತಾನೆ, ಸುತ್ತು ಬಿಗಿಯಾಗುತ್ತದೆ.

‘ಬಿದ್ದುಬಿಡುತ್ತೇನೆ’ ಎಂಬ ಭಯಕ್ಕೆ ಉತ್ತರ: ಪ್ಯಾನಿಕ್‌ನಲ್ಲಿ ರಕ್ತದೊತ್ತಡ ಸಾಮಾನ್ಯವಾಗಿ ಏರುತ್ತದೆ, ಪ್ರಜ್ಞೆ ತಪ್ಪಲು ಅದು ಇಳಿಯಬೇಕು. ಆದ್ದರಿಂದ ಪ್ಯಾನಿಕ್‌ನಲ್ಲಿ ಮೂರ್ಛೆ ಹೋಗುವುದು ಅಪರೂಪ. ರಕ್ತ, ಸೂಜಿ, ಗಾಯ ಕಂಡರೆ ಹೆದರುವವರು ಮಾತ್ರ ಇದಕ್ಕೆ ಹೊರತು. ಅವರಲ್ಲಿ ಒತ್ತಡ ಏರಿ ಥಟ್ಟನೆ ಇಳಿಯುತ್ತದೆ, ನಿಜಕ್ಕೂ ಬೀಳಬಹುದು.

ಹಾಗಾದರೆ ಯಾವ ಅಪಾಯವೂ ಇಲ್ಲದೆ ಇದೆಲ್ಲ ಶುರುವಾಗುವುದು ಹೇಗೆ? 1986ರಲ್ಲಿ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಕೊಟ್ಟ ವಿವರಣೆ ಇಂದಿಗೂ ಚಿಕಿತ್ಸೆಯ ಬೆನ್ನೆಲುಬು. ಹಗ್ಗವನ್ನು ಹಾವೆಂದು ಭ್ರಮಿಸಿ ಬೆಚ್ಚುವುದು ನಮಗೆಲ್ಲ ಗೊತ್ತಿರುವ ಮಾತು. ಪ್ಯಾನಿಕ್‌ನಲ್ಲಿ ಆ ಹಗ್ಗ ಹೊರಗೆ ಬಿದ್ದಿರುವುದಿಲ್ಲ, ಮೈಯೊಳಗೇ ಇರುತ್ತದೆ. ಕುರ್ಚಿಯಿಂದ ಎದ್ದಾಗ ಒಂದು ಮಿಡಿತ ತಪ್ಪಿದಂತಾಗುತ್ತದೆ. ಗಮನ ಎದೆಗೆ ಹೋಗುತ್ತದೆ. ‘ಹಾರ್ಟ್ ಅಟ್ಯಾಕ್ ಇರಬಹುದೇ?’ ಅಡ್ರಿನಲಿನ್ ಸುರಿಯುತ್ತದೆ, ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ‘ನೋಡು, ಹೌದು!’ ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಮೊದಲ ಕಾರಣ ಹಿಂದಿನ ರಾತ್ರಿ ನಿದ್ದೆಗೆಟ್ಟದ್ದೋ, ಮೆಟ್ಟಿಲು ಹತ್ತಿದ್ದೋ, ಸೆಖೆಯೋ ಆಗಿರುತ್ತದೆ. ಅದನ್ನು ಯಾರೂ ಗಮನಿಸಿರುವುದಿಲ್ಲ.

ರಾತ್ರಿ ನಿದ್ದೆಯಿಂದ ಎಬ್ಬಿಸುವ ಅಟ್ಯಾಕ್ ಕೂಡ ಉಂಟು. ಅದು ದುಃಸ್ವಪ್ನವಲ್ಲ, ಹೆಚ್ಚಾಗಿ ಕನಸಿಲ್ಲದ ನಿದ್ದೆಯ ಘಟ್ಟದಲ್ಲಿ, ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ ಬರುತ್ತದೆ. ಗೊರಕೆ, ಹಗಲು ತೂಕಡಿಕೆ ಜೊತೆಗಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಬಗ್ಗೆಯೂ ವೈದ್ಯರನ್ನು ಕೇಳಿ.

ಹಂತ 4: ಅಟ್ಯಾಕ್ ಬಂದಾಗ

ತಪಾಸಣೆ ಮುಗಿದು, ಇದು ಪ್ಯಾನಿಕ್ ಎಂದು ವೈದ್ಯರು ಹೇಳಿದ ಮೇಲೆ ಹೀಗೆ ಮಾಡಿ:

1. ಗಡಿಯಾರ ನೋಡಿ, ಸಮಯ ಗುರುತಿಟ್ಟುಕೊಳ್ಳಿ. ಅನಂತ ಎನ್ನಿಸುವ ಹೊತ್ತಿಗೆ ಕೊನೆ ಇದೆ ಎಂದು ತೋರಿಸುವುದು ಗಡಿಯಾರವೇ.

2. ಹೆಸರಿಟ್ಟು ಕರೆಯಿರಿ: ‘ಇದು ಪ್ಯಾನಿಕ್. ಏರುತ್ತದೆ, ಇಳಿಯುತ್ತದೆ.’ ‘ಏನೂ ಇಲ್ಲ, ಏನೂ ಇಲ್ಲ’ ಎಂದುಕೊಳ್ಳಬೇಡಿ. ಮೈಯಲ್ಲಿ ಇಷ್ಟೆಲ್ಲ ಆಗುತ್ತಿರುವಾಗ ಆ ಮಾತನ್ನು ಮನಸ್ಸು ನಂಬುವುದಿಲ್ಲ.

3. ಉಸಿರನ್ನು ನಿಧಾನ ಮಾಡಿ, ದೊಡ್ಡದು ಮಾಡಬೇಡಿ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಸುಮಾರು 6 ಉಸಿರು. ಎದೆಗಿಂತ ಹೊಟ್ಟೆಯ ಮೇಲಿಟ್ಟ ಕೈ ಮೇಲೇಳಬೇಕು. ಐದು ನಿಮಿಷ ಸಾಕು.

4. ಸಾಧ್ಯವಾದರೆ ಇದ್ದಲ್ಲೇ ಇರಿ. ವಾಹನ ಓಡಿಸುತ್ತಿದ್ದರೆ ಮಾತ್ರ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ.

5. ಮಾಡುತ್ತಿದ್ದ ಕೆಲಸಕ್ಕೆ ಮರಳಿ, ನಿಧಾನವಾಗಿಯಾದರೂ ಸರಿ. ನಡುಗುವ ಕೈಯಲ್ಲೇ ಬಟ್ಟೆ ಮಡಚಿ.

ಮೂರನೆಯ ಅಂಶದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಸಲಹೆ ಕೆಡುವುದು ಇಲ್ಲೇ. ಪಕ್ಕದಲ್ಲಿದ್ದವರು ‘ಜೋರಾಗಿ ಉಸಿರೆಳೆದುಕೋ’ ಎನ್ನುತ್ತಾರೆ. ಎಳೆದಷ್ಟೂ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಖಾಲಿಯಾಗುತ್ತದೆ, ಜೋಮು ತಲೆಸುತ್ತು ಹೆಚ್ಚುತ್ತದೆ. ಶುರು ಮಾಡುವುದು ಯಾವಾಗಲೂ ಉಸಿರು ಬಿಡುವುದರಿಂದ. ಕಾಗದದ ಚೀಲಕ್ಕೆ ಬಾಯಿಟ್ಟು ಉಸಿರಾಡುವ ಹಳೆಯ ಉಪಾಯವೂ ಬೇಡ. ತೊಂದರೆ ನಿಜಕ್ಕೂ ಆಸ್ತಮಾ ಅಥವಾ ಹೃದಯದ್ದಾಗಿದ್ದರೆ ಆಮ್ಲಜನಕ ಇಳಿದು ಜೀವಕ್ಕೇ ಅಪಾಯ. ಮತ್ತು ಈ ಉಸಿರಾಟವನ್ನು ಅಟ್ಯಾಕ್ ಬಂದ ದಿನವೇ ಮೊದಲ ಸಲ ಮಾಡಲು ಹೋದರೆ ಕೈಕೊಡುತ್ತದೆ. ದಿನಕ್ಕೆರಡು ಸಲ, ಐದೈದು ನಿಮಿಷ, ಆರಾಮವಾಗಿರುವಾಗ ರೂಢಿ ಮಾಡಿ.

ಇನ್ನೊಂದು ಸೂಕ್ಷ್ಮ: ‘ಉಸಿರಾಟ ಮಾಡದಿದ್ದರೆ ಸತ್ತೇ ಹೋಗುತ್ತಿದ್ದೆ’ ಎಂಬ ನಂಬಿಕೆ ಬೆಳೆದರೆ ಉಪಾಯವೇ ಊರುಗೋಲಾಗುತ್ತದೆ. ನೀವೇನೂ ಮಾಡದಿದ್ದರೂ ಅಟ್ಯಾಕ್ ಇಳಿದೇ ಇಳಿಯುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ನಿಮಿಷಗಳ ಲೆಕ್ಕದಲ್ಲಿ. ಹೊಸ ಹೆದರಿಕೆಯ ಯೋಚನೆ ಸುರಿಯದಿದ್ದರೆ ಅದು ಕರಗುತ್ತದೆ.

ಹಂತ 5: ನಾಲ್ಕು ವಾರ ದಾಖಲೆ ಇಡಿ

ಪ್ರತಿ ಅಟ್ಯಾಕ್‌ಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸಾಕು: ದಿನಾಂಕ, ಶುರುವಾದ ಸಮಯ, ಎಲ್ಲಿದ್ದಿರಿ, ಮೊಟ್ಟಮೊದಲು ಮೈಯಲ್ಲಿ ಏನು ಅನ್ನಿಸಿತು, ಯಾವ ವಾಕ್ಯ ತಲೆಗೆ ಬಂತು, ತೀವ್ರತೆ 0ರಿಂದ 10ರಲ್ಲಿ ಎಷ್ಟು, ಎಷ್ಟು ನಿಮಿಷ, ಆಗ ಏನು ಮಾಡಿದಿರಿ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಆ ದಿನ ಎಷ್ಟು ಕಪ್ ಕಾಫಿ ಅಥವಾ ಟೀ.

ಒಂದು ಮಾದರಿ: ‘ಮಂಗಳವಾರ, ಸಂಜೆ 6.40. ಅಂಗಡಿಯ ಸಾಲಿನಲ್ಲಿ. ಮೊದಲು ಕಾಲು ಹಗುರಾಯಿತು. ಇಲ್ಲೇ ಬೀಳುತ್ತೇನೆ ಎಂದುಕೊಂಡೆ. 8. ಹದಿನಾಲ್ಕು ನಿಮಿಷ. ಸಾಮಾನು ಬಿಟ್ಟು ಹೊರಬಂದೆ. ನಿದ್ದೆ 4 ಗಂಟೆ. ಕಾಫಿ 5.’ ಇಂಥ ಎಂಟು ಹತ್ತು ಸಾಲು ಕೂಡಿದರೆ, ನಿಮಗೂ ವೈದ್ಯರಿಗೂ ಒಂದು ಗಂಟೆಯ ಮಾತಿನಲ್ಲಿ ಸಿಗದ ವಿಷಯ ಸಿಗುತ್ತದೆ. ‘ಪ್ರತಿ ಸಲವೂ ಬೀಳುತ್ತೇನೆ ಎಂದುಕೊಂಡೆ, ಒಮ್ಮೆಯೂ ಬೀಳಲಿಲ್ಲ’ ಎಂಬುದು ಸ್ವಂತ ಕೈಬರಹದಲ್ಲಿ ಕಾಣುವುದೇ ಒಂದು ಔಷಧ.

ಎಡವುವ ಜಾಗ: ದಾಖಲೆ ಎಂದು ದಿನಕ್ಕೆ ಇಪ್ಪತ್ತು ಸಲ ನಾಡಿ ನೋಡುವುದು, ಕೈಗಡಿಯಾರದ ಹೃದಯಬಡಿತದ ಅಂಕಿಯನ್ನೇ ದಿಟ್ಟಿಸುವುದು. ಅಂಕಿ 92 ಕಂಡೊಡನೆ ಗಾಬರಿ, ಗಾಬರಿಯಿಂದ 110. ವೈದ್ಯರು ಹೇಳದಿದ್ದರೆ ಆ ಸೂಚನೆಗಳನ್ನು ಆಫ್ ಮಾಡಿ.

ಹಂತ 6: ತಪ್ಪಿಸಿಕೊಳ್ಳುವುದನ್ನು ನಿಲ್ಲಿಸುವುದು

ಒಂದು ಅಟ್ಯಾಕ್ ಬಸ್ಸಿನಲ್ಲಿ ಬಂತೆಂದು ಬಸ್ಸು ಬಿಟ್ಟರೆ ತಕ್ಷಣ ನೆಮ್ಮದಿ. ಆದರೆ ಮಿದುಳು ಕಲಿಯುವ ಪಾಠ ‘ಬಸ್ಸು ಬಿಟ್ಟಿದ್ದಕ್ಕೇ ಬದುಕಿದೆ’ ಎಂದು. ಮುಂದೆ ಅಂಗಡಿ, ಸಭೆ, ಆಮೇಲೆ ಒಬ್ಬರೇ ಮನೆ ಬಿಟ್ಟು ಹೋಗುವುದೇ ನಿಲ್ಲುತ್ತದೆ. ಸಾರ್ವಜನಿಕ ವಾಹನ, ಬಯಲು, ಮುಚ್ಚಿದ ಜಾಗ, ಸಾಲು ಅಥವಾ ಜನಸಂದಣಿ, ಮನೆಯ ಹೊರಗೆ ಒಬ್ಬರೇ ಇರುವುದು, ಈ ಐದರಲ್ಲಿ ಎರಡಾದರೂ ಹೀಗೆ ಭಯ ಹುಟ್ಟಿಸಿ ಆರು ತಿಂಗಳಾಚೆ ಮುಂದುವರಿದರೆ ಅದಕ್ಕೆ ಅಗೊರಾಫೋಬಿಯಾ ಎನ್ನುತ್ತಾರೆ. ತಪ್ಪಿಸಿಕೊಳ್ಳಲಾಗದ, ಸಹಾಯ ಸಿಗದ ಜಾಗದ ಭಯ ಅದು.

ಬಿಡಿಸಿಕೊಳ್ಳುವ ದಾರಿ ಏಣಿಯದು. ತಪ್ಪಿಸುತ್ತಿರುವ ಸಂಗತಿಯನ್ನು ಎಂಟು ಹತ್ತು ಮೆಟ್ಟಿಲುಗಳಾಗಿ ಒಡೆಯಿರಿ, ಪ್ರತಿಯೊಂದಕ್ಕೂ 0ರಿಂದ 10ರ ಭಯಾಂಕ ಕೊಡಿ. ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುವುದು 3. ಜೊತೆಗಾರರೊಂದಿಗೆ ಒಂದು ಸ್ಟಾಪ್ 4. ಒಬ್ಬರೇ ಒಂದು ಸ್ಟಾಪ್ 6. ಬಾಗಿಲಿನಿಂದ ದೂರದ ಸೀಟಿನಲ್ಲಿ ಐದು ಸ್ಟಾಪ್ 8. 3 ಅಥವಾ 4ರಿಂದ ಶುರು ಮಾಡಿ. ಭಯ ಇಳಿಯತೊಡಗುವ ತನಕ ಅಲ್ಲೇ ಇರಿ, ಅದೇ ಮೆಟ್ಟಿಲನ್ನು ವಾರದಲ್ಲಿ ನಾಲ್ಕೈದು ದಿನ ಮಾಡಿ, ಬೇಸರ ಬರುವಷ್ಟಾದ ಮೇಲೆ ಮುಂದಿನದಕ್ಕೆ ಹೋಗಿ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಪ್ರತಿ ಸಲವೂ ಮೊದಲ ಸಲದಂತೆಯೇ ಆಗುತ್ತದೆ.

ಗುಪ್ತ ಊರುಗೋಲುಗಳ ಮೇಲೆ ಕಣ್ಣಿಡಿ: ಕೈಯಲ್ಲೇ ಹಿಡಿದ ನೀರಿನ ಬಾಟಲಿ, ಜೇಬಿನ ಮಾತ್ರೆ, ಇಡೀ ದಾರಿ ಫೋನಿನಲ್ಲಿ ಯಾರೊಂದಿಗೋ ಮಾತು. ಇವು ಇದ್ದಾಗ ಬಸ್ಸು ಹತ್ತಿದರೂ ಪಾಠ ಆಗುವುದಿಲ್ಲ. ಒಂದೊಂದಾಗಿ ಬಿಡಬೇಕು.

ಮೈಯ ಸಂವೇದನೆಗಳಿಗೇ ಹೆದರುವವರಿಗೆ ಚಿಕಿತ್ಸಕರು ಬೇರೊಂದು ಅಭ್ಯಾಸ ಕೊಡುತ್ತಾರೆ. ಒಂದು ನಿಮಿಷ ನಿಂತಲ್ಲೇ ಓಡಿ ಎದೆಬಡಿತ ತರಿಸುವುದು, ತಿರುಗುವ ಕುರ್ಚಿಯಲ್ಲಿ ಸುತ್ತಿ ತಲೆಸುತ್ತು ತರಿಸುವುದು, ಸಣ್ಣ ಸ್ಟ್ರಾದಲ್ಲಿ ಉಸಿರಾಡಿ ಉಸಿರು ಸಾಲದಂತೆ ಮಾಡುವುದು. ಬೇಕೆಂದೇ ತರಿಸಿದ ಎದೆಬಡಿತಕ್ಕೆ ಮನಸ್ಸು ಹೆದರುವುದನ್ನು ಮರೆಯುತ್ತದೆ. ಹೃದ್ರೋಗ, ಆಸ್ತಮಾ, ಅಪಸ್ಮಾರ ಇರುವವರು, ಗರ್ಭಿಣಿಯರು ವೈದ್ಯರ ಒಪ್ಪಿಗೆ ಇಲ್ಲದೆ ಇದಕ್ಕೆ ಕೈಹಾಕಬಾರದು. ಉಳಿದವರೂ ಮೊದಲ ಸಲ ಚಿಕಿತ್ಸಕರ ಎದುರಿನಲ್ಲೇ ಮಾಡುವುದು ಒಳ್ಳೆಯದು.

ಹಂತ 7: ಯಾವಾಗ, ಯಾರ ಬಳಿ ಹೋಗಬೇಕು

ಅಟ್ಯಾಕ್ ಎರಡು ಮೂರು ಸಲ ಮರುಕಳಿಸಿದ್ದರೆ, ಅದರ ಭಯ ತಿಂಗಳಿಂದ ಬಿಡದಿದ್ದರೆ, ಕೆಲಸ, ಓದು, ಓಡಾಟಕ್ಕೆ ಅಡ್ಡಿಯಾಗಿದ್ದರೆ, ತಡೆಯಲು ಮದ್ಯಕ್ಕೆ ಕೈಹಾಕಿದ್ದರೆ ಇನ್ನು ಕಾಯಬೇಡಿ. ಬದುಕೇ ಬೇಡ ಎಂಬ ಯೋಚನೆ ಬಂದಿದ್ದರೆ ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆ ಇವತ್ತೇ ಆಸ್ಪತ್ರೆಗೆ ಹೋಗಿ.

ಮನೋವೈದ್ಯರು ಮಾತ್ರೆ ಬರೆಯಬಲ್ಲ ವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು. ಮಾತಿನ ಚಿಕಿತ್ಸೆಯಲ್ಲಿ ಹೆಚ್ಚು ಪುರಾವೆ ಇರುವುದು ಸಿಬಿಟಿಗೆ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ವಿಧಾನಕ್ಕೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹನ್ನೆರಡು ಭೇಟಿಗಳು. ಬರೀ ಸಮಾಧಾನ ಹೇಳಿ ಕಳಿಸುವುದು ಸಿಬಿಟಿ ಅಲ್ಲ. ಪ್ರತಿ ವಾರ ಮನೆಯಲ್ಲಿ ಮಾಡುವ ಅಭ್ಯಾಸ ಇರಬೇಕು.

ಮಾತ್ರೆಗಳಲ್ಲಿ ಮೊದಲು ಕೊಡುವುದು ಎಸ್‌ಎಸ್‌ಆರ್‌ಐ ಗುಂಪಿನವು, ಅಂದರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಸಿಗುವಂತೆ ಮಾಡುವಂಥವು: ಸರ್ಟ್ರಲೀನ್, ಎಸ್ಸಿಟಾಲೊಪ್ರಾಮ್, ಪ್ಯಾರಾಕ್ಸೆಟಿನ್. ಗುಣ ಕಾಣಲು 2ರಿಂದ 6 ವಾರ ಬೇಕು. ಮೊದಲ ಒಂದೆರಡು ವಾರ ಚಡಪಡಿಕೆ ಹೆಚ್ಚಾದಂತೆ ಅನ್ನಿಸಬಹುದು. ಅದಕ್ಕೇ ವೈದ್ಯರು ಕಡಿಮೆ ಪ್ರಮಾಣದಿಂದ ಶುರು ಮಾಡುತ್ತಾರೆ. ‘ಮಾತ್ರೆಯಿಂದ ಜಾಸ್ತಿಯಾಯಿತು’ ಎಂದು ಐದನೇ ದಿನ ಬಿಟ್ಟುಬಿಡುವವರು ಬಹಳ. ಬಿಡಬೇಡಿ, ವೈದ್ಯರಿಗೆ ಹೇಳಿ. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಿ, ಆಮೇಲೆ ಅವರ ಸೂಚನೆಯಂತೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಮೈಯಲ್ಲಿ ಕರೆಂಟ್ ಹೊಡೆದಂಥ ಅನುಭವ ಬರುತ್ತದೆ, ಅದನ್ನೇ ಜನ ‘ಕಾಯಿಲೆ ಮರಳಿತು’ ಎಂದುಕೊಳ್ಳುತ್ತಾರೆ.

ಆಲ್‌ಪ್ರಾಜೋಲಾಮ್, ಕ್ಲೊನಜೆಪಾಮ್‌ನಂಥ ಮಾತ್ರೆಗಳು ಬೇಗ ಶಾಂತಗೊಳಿಸುತ್ತವೆ. ಬೇಗನೆ ಅವಲಂಬನೆಯನ್ನೂ ತರುತ್ತವೆ. ಮದ್ಯದೊಂದಿಗೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲವು. ಪರಿಚಯದವರು ತಮ್ಮದರಲ್ಲಿ ಒಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಈಗಾಗಲೇ ದಿನವೂ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಲೂ ಬೇಡಿ, ಫಿಟ್ಸ್ ಬರುವ ಅಪಾಯವಿದೆ.

ಪಕ್ಕದಲ್ಲಿರುವವರಿಗೆ

ನಿಮ್ಮವರಿಗೆ ಅಟ್ಯಾಕ್ ಬಂದಾಗ ‘ನಾಟಕ ಬೇಡ’, ‘ಧೈರ್ಯ ತಗೋ’ ಎನ್ನಬೇಡಿ. ಅವರು ಅನುಭವಿಸುತ್ತಿರುವುದು ನಿಜವಾದ ಅಡ್ರಿನಲಿನ್. ಸುತ್ತ ಗುಂಪು ಕೂಡದಂತೆ ನೋಡಿಕೊಳ್ಳಿ. ಅವರ ಕಣ್ಣಿನ ಮಟ್ಟಕ್ಕೆ ಕೂತು, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ: ‘ನಾನು ಇಲ್ಲೇ ಇದ್ದೇನೆ. ನಿಧಾನವಾಗಿ ಬಿಡು.’ ಮುಟ್ಟುವ ಮುಂಚೆ ಕೇಳಿ, ಕೆಲವರಿಗೆ ಹಿಡಿದುಕೊಂಡರೆ ಉಸಿರುಕಟ್ಟಿದಂತಾಗುತ್ತದೆ. ಮೊದಲ ಸಲವಾಗಿದ್ದರೆ, ಅಥವಾ ಹಂತ 1ರ ಪಟ್ಟಿಯ ಒಂದೇ ಲಕ್ಷಣ ಕಂಡರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಟ್ಯಾಕ್ ಇಳಿದ ಮೇಲೆ ಅಂದೇ ವಿಚಾರಣೆ ನಡೆಸಬೇಡಿ. ನೀರು ಕೊಟ್ಟು ಮಲಗಲು ಬಿಡಿ. ಒಂದೆರಡು ದಿನ ಬಿಟ್ಟು, ‘ಮುಂದಿನ ಸಲ ಹೀಗಾದರೆ ನಾನು ಏನು ಮಾಡಲಿ, ಏನು ಮಾಡದಿರಲಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.